ಮುಂಗಡದ ಲೆಕ್ಕ ಯಾರ ಪುಸ್ತಕದಲ್ಲಿದೆ?

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದೇನೆ. ಆಧುನಿಕ ಗುಲಾಮಗಿರಿ ತಡೆಯಲು ಏನು ಕ್ರಮ ಕೈಗೊಂಡಿದ್ದೀರಿ ಎಂದು ಬ್ರಿಟನ್ನಿನ ಗ್ರಾಹಕ ಕಂಪನಿಯೊಂದು ಪ್ರಶ್ನಾವಳಿ ಕಳಿಸಿದೆ. ನಮ್ಮ ಕಾಯಂ ನೌಕರರಿಗೆಲ್ಲ ಪಿಎಫ್ ಇದೆ. ಪ್ಯಾಕಿಂಗ್, ಲೋಡಿಂಗ್ ಕೆಲಸಕ್ಕೆ ಮಾತ್ರ ಗುತ್ತಿಗೆದಾರರು ಕಲಬುರಗಿ, ಯಾದಗಿರಿ ಕಡೆಯವರನ್ನು ಮುಂಗಡ ಕೊಟ್ಟು ಕರೆತರುತ್ತಾರೆ. ‘ನಮಗೆ ಅನ್ವಯಿಸುವುದಿಲ್ಲ’ ಎಂದು ಬರೆಯಬಹುದೇ?

ಉತ್ತರ: ಬರೆಯಬೇಡಿ. ಬ್ರಿಟನ್ನಿನ 2015ರ ಕಾಯ್ದೆಯ ಪ್ರಕಾರ, ವಾರ್ಷಿಕ ವಹಿವಾಟು 3.6 ಕೋಟಿ ಪೌಂಡ್ ಮುಟ್ಟಿದ ಕಂಪನಿಗಳು ಈ ವಿಷಯದಲ್ಲಿ ಪ್ರತಿವರ್ಷ ಹೇಳಿಕೆ ಪ್ರಕಟಿಸಬೇಕು. ನಿಮಗೆ ಪ್ರಶ್ನಾವಳಿ ಬಂದಿರುವುದು ಬಹುಶಃ ಅದಕ್ಕಾಗಿಯೇ. ಆದರೆ ನೀವು ಮೊದಲು ಓದಬೇಕಾದದ್ದು ನಮ್ಮದೇ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನು. ಮುಂಗಡ ಪಡೆದ ಮಾತ್ರಕ್ಕೆ ಜೀತವಾಗದು. ಆ ಸಾಲದ ದೆಸೆಯಿಂದ ಬೇರೆಡೆ ದುಡಿಯುವ, ಬೇಕಾದಲ್ಲಿಗೆ ಹೋಗುವ ಸ್ವಾತಂತ್ರ್ಯ ತಪ್ಪಿದರೆ, ಅಥವಾ ನಾಮಮಾತ್ರದ ಕೂಲಿಗೆ ದುಡಿಯಬೇಕಾಗಿ ಬಂದರೆ ಅದು ಜೀತವೇ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೆಂದು ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ನಿಮ್ಮ ಹಾಜರಿ ಪುಸ್ತಕ, ಬ್ಯಾಂಕ್ ಪಾವತಿಗಳು ಚೊಕ್ಕವಾಗಿರಬಹುದು. ಆದರೆ ಕಾರ್ಮಿಕನ ಎಟಿಎಂ ಕಾರ್ಡು ಮುಕಾದಮನ (ಕೂಲಿಯಾಳುಗಳ ಮೇಸ್ತ್ರಿಯ) ಕಿಸೆಯಲ್ಲಿದ್ದರೆ ಆ ದಾಖಲೆಗೆ ಬೆಲೆಯಿಲ್ಲ. ಆದ್ದರಿಂದ ಗುತ್ತಿಗೆದಾರರ ಮುಂಗಡದ ಪುಸ್ತಕವನ್ನೇ ತರಿಸಿ ನೋಡಿ: ತಿಂಗಳ ಕಡಿತದ ನಂತರವೂ ಬಾಕಿ ಇಳಿಯದೆ ಏರುತ್ತಿದ್ದರೆ, ಖೋಲಿಯ ಬಾಡಿಗೆ, ಊಟ, ಊರಿನಿಂದ ಬಂದ ಬಸ್ ಚಾರ್ಜು ಇವನ್ನೆಲ್ಲ ಸಾಲಕ್ಕೇ ಸೇರಿಸುತ್ತಿರಬಹುದು. ಮೂಲ ಆಧಾರ್ ಕಾರ್ಡು ಯಾರ ಬಳಿ ಇದೆ, ಹಬ್ಬಕ್ಕೆ ಊರಿಗೆ ಹೋಗಲು ಯಾರನ್ನು ಕೇಳಬೇಕು ಎಂಬುದನ್ನು ಮುಕಾದಮ, ಸೂಪರ್‌ವೈಸರ್ ಇಬ್ಬರೂ ಇಲ್ಲದ ಕಡೆ, ಕಾರ್ಮಿಕರನ್ನು ಕನ್ನಡದಲ್ಲಿಯೇ ವಿಚಾರಿಸಿ. ಹೊರಗಿನ ಆಡಿಟರ್‌ಗೆ ಹೇಳದ್ದನ್ನು ಅವರು ನಿಮಗೆ ಹೇಳಿಯಾರು. ಹೇಳಿದವರ ಹೆಸರು ಗುತ್ತಿಗೆದಾರರ ಕಿವಿಗೆ ಬೀಳಬಾರದು.

ದೋಷ ಕಂಡೊಡನೆ ಗುತ್ತಿಗೆ ರದ್ದುಮಾಡುವುದು ಅನೇಕ ಕಂಪನಿಗಳ ಚಾಳಿ. ನನಗೆ ಅದು ಸರಿಕಾಣುವುದಿಲ್ಲ. ಸಾಲದ ಸಮೇತ ಅದೇ ಜನರನ್ನು ಮುಕಾದಮ ಬೇರೆ ಸೈಟಿಗೆ ಸಾಗಿಸುತ್ತಾನೆ, ಅಷ್ಟೆ. ಮೊದಲು ಕಾರ್ಡುಗಳನ್ನು ವಾಪಸು ಕೊಡಿಸಿ, ಬಾಕಿ ವೇತನ ತೀರಿಸಿ. ಜೀತವೆಂದು ಖಚಿತವಾದರೆ ಜಿಲ್ಲಾಧಿಕಾರಿಗೆ ತಿಳಿಸಿ; 1976ರ ಕಾಯ್ದೆಯಂತೆ ಆ ಸಾಲವೇ ರದ್ದಾಗುತ್ತದೆ.

ಖರೀದಿ ವಿಭಾಗದವರಾದ ನಿಮಗೆ ಇನ್ನೊಂದು ಮಾತು. ಗುತ್ತಿಗೆದಾರರಿಗೆ ನೀವು ಕೊಡುವ ದರದಲ್ಲಿ ಕನಿಷ್ಠ ವೇತನ, ಪಿಎಫ್, ಇಎಸ್‌ಐ, ಓವರ್‌ಟೈಮ್ ಕಳೆದು ಅವರ ಕಮಿಷನ್ನಿಗೆ ಏನಾದರೂ ಉಳಿಯುತ್ತದೆಯೇ ಎಂದು ಲೆಕ್ಕ ಹಾಕಿ. ಉಳಿಯದಿದ್ದರೆ ಆ ದರವನ್ನು ಸರಿಪಡಿಸಿ, ಪ್ರಶ್ನಾವಳಿಯಲ್ಲಿಯೂ ಅದನ್ನೇ ಬರೆಯಿರಿ.