ಮಣಿಕಟ್ಟಿನ ನೋವಿಗೂ ವರ್ಕರ್ಸ್ ಕಾಂಪ್ ಸಿಗುತ್ತದೆಯೇ?

ನಮಸ್ಕಾರ. ಕ್ಯಾಲಿಫೋರ್ನಿಯಾದ ಟ್ರೇಸಿಯ ಗೋದಾಮಿನಲ್ಲಿ ತಿಂಗಳುಗಟ್ಟಲೆ ಪೆಟ್ಟಿಗೆಗಳನ್ನು ಸ್ಕ್ಯಾನ್ ಮಾಡಿ ಎತ್ತಿಡುತ್ತ ಬಂದು ನಿಮ್ಮ ಬಲಗೈ ಮಣಿಕಟ್ಟು ಊದಿಕೊಂಡಿದೆ, ರಾತ್ರಿ ಬೆರಳುಗಳು ಜೋಮು ಹಿಡಿಯುತ್ತಿವೆ ಎಂದು ಬರೆದಿದ್ದೀರಿ. ಬಿದ್ದು ಪೆಟ್ಟು ಮಾಡಿಕೊಂಡಿಲ್ಲವಾದ್ದರಿಂದ ಇದು ಕೆಲಸದಿಂದಾದ ಗಾಯಕ್ಕೆ ಮಾಲೀಕರ ವಿಮೆಯಿಂದ ಪರಿಹಾರ ಕೊಡಿಸುವ ವರ್ಕರ್ಸ್ ಕಾಂಪೆನ್ಸೇಷನ್‌ಗೆ ಬರುವುದಿಲ್ಲ, ನಿಮ್ಮ ಯಜಮಾನರ (ಪತಿಯ) ಇನ್ಶೂರೆನ್ಸ್‌ನಲ್ಲೇ ತೋರಿಸಿಕೊಳ್ಳಿ ಎಂದು ಸೂಪರ್‌ವೈಸರ್ ಹೇಳಿದ್ದಾರೆ. ಎಚ್-4 ವೀಸಾ (ಎಚ್-1ಬಿ ಉದ್ಯೋಗಿಯ ಪತಿ ಅಥವಾ ಪತ್ನಿಗೆ ಸಿಗುವ ವೀಸಾ) ಮೇಲಿರುವವರು ಕ್ಲೇಮ್ ಹಾಕಿದರೆ ಮುಂದೆ ಗ್ರೀನ್ ಕಾರ್ಡ್‌ಗೆ ತೊಡಕಾದೀತೇ ಎಂಬುದು ನಿಮ್ಮ ಆತಂಕ. ಇಲ್ಲಿಗೆ ಬಂದ ಮೊದಲ ವರ್ಷಗಳಲ್ಲಿ ಒಂದು ಉಗ್ರಾಣದ ಕಚೇರಿಯಲ್ಲಿ ಕುಳಿತು ಇಂಥ ಕ್ಲೇಮ್‌ಗಳ ಕಾಗದಪತ್ರ ನೋಡಿಕೊಳ್ಳುತ್ತಿದ್ದವಳಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಸೂಪರ್‌ವೈಸರ್ ಹೇಳಿದ್ದು ತಪ್ಪು. ಕ್ಯಾಲಿಫೋರ್ನಿಯಾದ ಕಾನೂನು ಒಂದೇ ಏಟಿಗೆ ಆಗುವ ಗಾಯವನ್ನು ಹೇಗೋ ಹಾಗೆಯೇ ಒಂದೇ ಬಗೆಯ ಚಲನೆಯನ್ನು ದಿನವೂ ಮಾಡಿದ್ದರಿಂದ ನಿಧಾನವಾಗಿ ಬೆಳೆಯುವ ತೊಂದರೆಯನ್ನೂ ಗಾಯವೆಂದೇ ಪರಿಗಣಿಸುತ್ತದೆ. ಇದನ್ನು ಇಲ್ಲಿ ಕ್ಯುಮುಲೇಟಿವ್ ಟ್ರಾಮಾ ಎನ್ನುತ್ತಾರೆ. ಕೆಲಸದ ಜಾಗದ ರಾಸಾಯನಿಕ, ಧೂಳು, ಸದ್ದುಗಳಿಂದ ಬರುವ ಕಾಯಿಲೆಗಳಿಗೂ ಪರಿಹಾರವುಂಟು. ತಪ್ಪು ಯಾರದೆಂಬ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ನಿಮ್ಮ ಅಜಾಗರೂಕತೆಯೇ ಕಾರಣವಾಗಿದ್ದರೂ ಪರಿಹಾರ ಸಿಗುತ್ತದೆ, ಅದಕ್ಕೆ ಪ್ರತಿಯಾಗಿ ಮಾಲೀಕರ ಮೇಲೆ ಸಾಮಾನ್ಯವಾಗಿ ಬೇರೆ ದಾವೆ ಹೂಡುವಂತಿಲ್ಲ. ಕುಡಿದು ಮಾಡಿಕೊಂಡ ಗಾಯ, ತಾನೇ ಕೈಮಾಡಿ ಶುರು ಮಾಡಿದ ಜಗಳದ ಗಾಯ, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತ, ಇವು ಸಾಮಾನ್ಯವಾಗಿ ಹೊರಗೆ ಉಳಿಯುತ್ತವೆ. ಊರಿನಲ್ಲಿದ್ದಾಗಲೇ ಕೈನೋವು ಇತ್ತೆಂಬುದು ನಿಮ್ಮ ಹಕ್ಕನ್ನು ಅಳಿಸುವುದಿಲ್ಲ; ಕೆಲಸ ಅದನ್ನು ಹೆಚ್ಚಿಸಿದ್ದರೂ ಸಾಕು.

ವೀಸಾದ ಬಗ್ಗೆ ನಿಶ್ಚಿಂತರಾಗಿರಿ. ಕಾಗದವಿಲ್ಲದೆ ಕೆಲಸ ಮಾಡುವವರಿಗೂ ಈ ರಾಜ್ಯದಲ್ಲಿ ವರ್ಕರ್ಸ್ ಕಾಂಪ್ ಹಕ್ಕಿದೆ, ಹೀಗಿರುವಾಗ ಕೆಲಸದ ಪರವಾನಗಿ ಇರುವ ನಿಮ್ಮ ಮಾತೇನು? ಇದು ಸರ್ಕಾರದ ಸಹಾಯಧನವಲ್ಲ, ದುಡಿಮೆಯಿಂದ ಬಂದ ಹಕ್ಕು; ಆದ್ದರಿಂದ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಪಬ್ಲಿಕ್ ಚಾರ್ಜ್ (ಸರ್ಕಾರಕ್ಕೆ ಹೊರೆಯಾಗುವವರು) ಎಂಬ ಲೆಕ್ಕಕ್ಕೆ ಬರುವುದಿಲ್ಲ. ಊರಿನ ಇಎಸ್‌ಐಗೆ ನೌಕರರ ಸಂಬಳದಿಂದಲೂ ಶೇಕಡಾ 0.75 ಮುರಿಯುತ್ತಾರೆ, ಇಲ್ಲಿ ಈ ವಿಮೆಯ ಪೂರ್ತಿ ಖರ್ಚು ಮಾಲೀಕರದೇ. ನಿಮ್ಮ ಪೇ ಸ್ಟಬ್‌ನಲ್ಲಿ (ಸಂಬಳದ ಚೀಟಿಯಲ್ಲಿ) ಸಿಎ ಎಸ್‌ಡಿಐ ಎಂದು ಮುರಿಯುವ ಹಣ ಕಾಯಿಲೆ ಅಥವಾ ಗಾಯದಿಂದ ದುಡಿಯಲಾಗದವರಿಗೆಂದು ಈ ರಾಜ್ಯ ನಡೆಸುವ ಬೇರೊಂದು ಯೋಜನೆಯದು. ಆದರೂ ಅದನ್ನು ನೆನಪಿಡಿ: ವಿಮಾ ಕಂಪನಿ ಹಣ ಕೊಡಲು ತಡ ಮಾಡಿದರೆ ಆ ಯೋಜನೆಗೆ ಅರ್ಜಿ ಹಾಕಿ ಆ ನಡುವೆ ಮನೆ ನಡೆಸಬಹುದು.

ಈಗ ಮಾಡಬೇಕಾದದ್ದು. ನೋವು ಕೆಲಸದಿಂದ ಬಂದದ್ದೆಂದು ತಿಳಿದ 30 ದಿನಗಳೊಳಗೆ ಮಾಲೀಕರಿಗೆ ತಿಳಿಸಬೇಕು, ಮತ್ತು ಬಾಯಲ್ಲಿ ಹೇಳಿದ್ದನ್ನು ಇಂದೇ ಒಂದು ಇಮೇಲ್‌ನಲ್ಲಿ ಬರೆದು ಕಳಿಸಿ, ಏಕೆಂದರೆ ಹಾಗೆ ಹೇಳಿಯೇ ಇಲ್ಲ ಎಂದು ನಾಳೆ ವಾದಿಸುವುದು ಸುಲಭ. ಮಾಲೀಕರಿಗೆ ಗೊತ್ತಾದ ಒಂದು ಕೆಲಸದ ದಿನದೊಳಗೆ ಅವರು ನಿಮಗೆ ಡಿಡಬ್ಲ್ಯುಸಿ-1 ಎಂಬ ಕ್ಲೇಮ್ ಫಾರಂ ಕೊಡಬೇಕು. ಕೊಡದಿದ್ದರೆ ರಾಜ್ಯದ ಡಿವಿಷನ್ ಆಫ್ ವರ್ಕರ್ಸ್ ಕಾಂಪೆನ್ಸೇಷನ್‌ನ ಜಾಲತಾಣದಿಂದ ನೀವೇ ಇಳಿಸಿಕೊಳ್ಳಿ. ಮೇಲಿನ ಭಾಗವಷ್ಟೇ ನಿಮ್ಮದು. ಗಾಯದ ವಿವರ ಕೇಳುವ ಸಾಲಿನಲ್ಲಿ ಬಲ ಮಣಿಕಟ್ಟು ಎಂದಷ್ಟೇ ಬರೆದು ಬಿಡುವವರೇ ಹೆಚ್ಚು. ಬೆರಳುಗಳ ಜೋಮು, ಮೊಣಕೈ, ಭುಜ, ನೋವಿರುವ ಪ್ರತಿಯೊಂದು ಅಂಗವನ್ನೂ ಬರೆಯಿರಿ, ಬಿಟ್ಟುಹೋದ ಅಂಗವನ್ನು ಆಮೇಲೆ ಸೇರಿಸುವಾಗ ಜಗಳ ಬೀಳುತ್ತದೆ. ಸಹಿ ಮತ್ತು ದಿನಾಂಕ ಹಾಕಿ ಒಂದು ಪ್ರತಿ ಇಟ್ಟುಕೊಂಡು, ಕೈಯಲ್ಲಿ ಕೊಡಿ ಅಥವಾ ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ. ವಿಮಾ ಕಂಪನಿ ಯಾವುದೆಂದು ತಿಳಿಯಬೇಕಾದರೆ ಬ್ರೇಕ್ ರೂಮಿನ ಗೋಡೆಯಲ್ಲಿ ಕನಿಷ್ಠ ವೇತನದ ಭಿತ್ತಿಪತ್ರದ ಆಸುಪಾಸಿನಲ್ಲಿ ಹುಡುಕಿ. ಆ ಸೂಚನೆ ಹಾಕಿರಲೇಬೇಕು.

ಫಾರಂ ಕೊಟ್ಟ ಮೇಲೆ, ಕ್ಲೇಮ್ ಒಪ್ಪುವ ಅಥವಾ ತಳ್ಳುವ ಮೊದಲೇ ಮಾಲೀಕರು 10,000 ಡಾಲರ್‌ವರೆಗಿನ ಚಿಕಿತ್ಸೆಗೆ ಅನುಮತಿ ಕೊಡಬೇಕಾಗುತ್ತದೆ. 90 ದಿನಗಳೊಳಗೆ ಅವರು ತಳ್ಳಿಹಾಕದಿದ್ದರೆ ಗಾಯ ಕೆಲಸದಿಂದಲೇ ಆದದ್ದೆಂದು ಕಾನೂನು ಭಾವಿಸುತ್ತದೆ. ವೈದ್ಯರು ಕೆಲಸ ನಿಲ್ಲಿಸಲು ಹೇಳಿದರೆ ವಾರದ ಸರಾಸರಿ ಸಂಬಳದ ಮೂರರಲ್ಲಿ ಎರಡು ಭಾಗ, ಒಂದು ಮಿತಿಯೊಳಗೆ, ತೆರಿಗೆಯಿಲ್ಲದೆ ಬರುತ್ತದೆ; ಬಹುತೇಕ ಗಾಯಗಳಿಗೆ ಇದು ಒಟ್ಟು 104 ವಾರಗಳವರೆಗೆ.

ಮೊದಲ ವೈದ್ಯರು ಸಾಮಾನ್ಯವಾಗಿ ಕಂಪನಿಯ ಪಟ್ಟಿಯವರೇ ಆಗಿರುತ್ತಾರೆ. ಅವರ ಮುಂದೆ ನಮ್ಮವರು, ಅದರಲ್ಲೂ ನಮ್ಮ ಹೆಣ್ಣುಮಕ್ಕಳು, 'ಪರವಾಗಿಲ್ಲ, ಅಷ್ಟೇನಿಲ್ಲ' ಎನ್ನುವುದನ್ನು ನೋಡಿ ನನಗೆ ಸಾಕಾಗಿದೆ. ಆ ಸೌಜನ್ಯ ವರದಿಯಲ್ಲಿ 'ನೋವು ಅತ್ಯಲ್ಪ' ಎಂದು ದಾಖಲಾಗುತ್ತದೆ, ಮುಂದಿನ ಎಲ್ಲ ನಿರ್ಧಾರಗಳೂ ಆ ಸಾಲಿನ ಮೇಲೆ ನಿಲ್ಲುತ್ತವೆ. ಗಂಟೆಗೆ ಎಷ್ಟು ಪೆಟ್ಟಿಗೆ ಎತ್ತುತ್ತೀರಿ, ಸ್ಕ್ಯಾನರ್ ಯಾವ ಕೈಯಲ್ಲಿ ಹಿಡಿಯುತ್ತೀರಿ, ಚಪಾತಿ ಲಟ್ಟಿಸಲು ಆಗುತ್ತಿದೆಯೇ, ಇದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿ. ಯಜಮಾನರ ಇನ್ಶೂರೆನ್ಸ್‌ನಲ್ಲಿ ತೋರಿಸಿಕೊಳ್ಳಲು ಹೋದರೆ ಅಲ್ಲಿಯೂ ಇದು ಕೆಲಸದಿಂದ ಬಂದದ್ದೇ ಎಂದು ಕೇಳುತ್ತಾರೆ. ಹೌದೆಂದರೆ ಬಿಲ್ಲು ನಿಮ್ಮ ತಲೆಗೆ ಬರಬಹುದು, ಅಲ್ಲವೆಂದರೆ ಅದೇ ದಾಖಲೆ ನಿಮ್ಮ ಕ್ಲೇಮ್‌ಗೆ ಮುಳುವಾಗುತ್ತದೆ.

ನಿಮ್ಮ ಗೆಳತಿಯ ವಿಷಯ ಬೇರೆ. ನಮ್ಮವರದೇ ಹೋಟೆಲಿನಲ್ಲಿ ನಗದಿಗೆ ಕೆಲಸ ಮಾಡುವ ಆಕೆಗೆ 1099 ಫಾರಂ (ಸ್ವತಂತ್ರ ಗುತ್ತಿಗೆದಾರರಿಗೆ ಕೊಡುವ ತೆರಿಗೆ ಫಾರಂ) ಕೊಟ್ಟು 'ನೀನು ನೌಕರಳಲ್ಲ' ಎಂದಿದ್ದಾರೆ ಎಂದಿರಿ. ಫಾರಂ ಯಾವುದೆಂಬುದರಿಂದ ಅದು ತೀರ್ಮಾನವಾಗುವುದಿಲ್ಲ. ಮಾಲೀಕರು ಹೇಳಿದ ಹೊತ್ತಿಗೆ, ಹೇಳಿದ ಹಾಗೆ, ಅವರದೇ ಅಡುಗೆಮನೆಯಲ್ಲಿ ದೋಸೆ ಹುಯ್ಯುವವರು ಬಹುಮಟ್ಟಿಗೆ ನೌಕರರೇ. ಮಾಲೀಕರು ವಿಮೆ ಮಾಡಿಸಿರದಿದ್ದರೆ ಅಂಥ ನೌಕರರಿಗೆಂದೇ ರಾಜ್ಯದ ನಿಧಿಯೊಂದಿದೆ.

ಕ್ಲೇಮ್ ಹಾಕಿದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ, ಆದರೂ ಪಾಳಿ ಕಡಿಮೆ ಮಾಡುವಂಥ ಕಿರುಕುಳ ನಡೆಯುತ್ತದೆ. ದಿನಾಂಕ ಸಹಿತ ಬರೆದಿಟ್ಟುಕೊಳ್ಳಿ. ಕ್ಲೇಮ್ ತಳ್ಳಿಹಾಕಿದರೆ ಡಿವಿಷನ್‌ನ ಇನ್ಫರ್ಮೇಷನ್ ಅಂಡ್ ಅಸಿಸ್ಟೆನ್ಸ್ ಅಧಿಕಾರಿಗಳನ್ನು ಕಾಣಿ, ಅವರ ಸಲಹೆ ಉಚಿತ. ವಕೀಲರು ಮೊದಲೇ ಹಣ ಕೇಳುವುದಿಲ್ಲ. ಅವರ ಶುಲ್ಕವನ್ನು ನ್ಯಾಯಾಧೀಶರು ಒಪ್ಪಬೇಕು, ಅದನ್ನು ನಿಮಗೆ ಬರುವ ಪರಿಹಾರದಿಂದ ಮುರಿದುಕೊಳ್ಳುತ್ತಾರೆ. ಈ ಪರಿಹಾರಕ್ಕಾಗಿ ಹೂಡುವ ದಾವೆಗೆ ಸಾಮಾನ್ಯವಾಗಿ ಒಂದು ವರ್ಷದ ಗಡುವಿದೆ. ಇವೆಲ್ಲ ಈ ರಾಜ್ಯದ ಮಾತು. ಯಜಮಾನರಿಗೆ ಟೆಕ್ಸಸ್‌ಗೆ ವರ್ಗವಾಗುವ ಸಂಭವವಿದೆ ಎಂದಿದ್ದೀರಿ, ಅಲ್ಲಿ ಖಾಸಗಿ ಮಾಲೀಕರು ಈ ವಿಮೆ ಮಾಡಿಸಲೇಬೇಕೆಂಬ ನಿಯಮವಿಲ್ಲ, ಹಾಗಾಗಿ ಹೊಸ ಕೆಲಸ ಒಪ್ಪಿಕೊಳ್ಳುವ ಮೊದಲು ವಿಮೆ ಇದೆಯೇ ಎಂದು ಕೇಳಿಕೊಳ್ಳಿ.