"ಇದೂ ನನ್ನ ಕೈಲೆ ಆಗವಲ್ದ್ರಿ": ಬಣ್ಣದ ಪುಸ್ತಕ ಹೊಂದದಿದ್ದಾಗ

(ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಬಾಗಲಕೋಟೆ ನವನಗರದ ಈ ಅಕ್ಕನಿಗೆ 57 ವರ್ಷ. ಯಜಮಾನರು ತೀರಿಕೊಂಡು ಒಂದು ವರ್ಷವಾಗಿತ್ತು. ಮಗ, ಸೊಸೆ ಬೆಂಗಳೂರಿನಲ್ಲಿ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ, ಎದೆ ಢವಢವ. ಡಾಕ್ಟರು ಇಸಿಜಿ, ಥೈರಾಯ್ಡ್, ಶುಗರ್ ಎಲ್ಲ ನೋಡಿ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕಳಿಸಿದ್ದರು.

ಮೂರನೇ ಭೇಟಿಯಲ್ಲಿ ಕೈಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ದೊಡ್ಡವರು ಬಣ್ಣ ತುಂಬುವ ಪುಸ್ತಕ, ವಸಂತದ ಚಿತ್ರಗಳದ್ದು. ಸೊಸೆ ಪ್ರೀತಿಯಿಂದ ಆನ್‌ಲೈನಲ್ಲಿ ತರಿಸಿ ಕಳಿಸಿದ್ದಳು. ಜೊತೆಗೆ ಸ್ಕೆಚ್ ಪೆನ್ನಿನ ದೊಡ್ಡ ಡಬ್ಬಿ.

"ಇದೂ ನನ್ನ ಕೈಲೆ ಆಗವಲ್ದ್ರಿ ಮೇಡಂ."

ಪುಸ್ತಕ ತೆರೆದೆ. ಟುಲಿಪ್ ಹೂಗಳ ರಾಶಿ. ಗೆರೆ ಕೂದಲಿನಷ್ಟು ಸಣ್ಣ. ಕೆಲವು ಎಸಳು ಜೋಳದ ಕಾಳಿಗಿಂತ ಚಿಕ್ಕವು. ಸ್ಕೆಚ್ ಪೆನ್ನಿನ ಕೆಂಪು ಹರಡಿ ಗೆರೆ ದಾಟಿತ್ತು. ಹಾಳೆ ತಿರುವಿದರೆ ಅದೇ ಕೆಂಪು ಹಿಂಬದಿಯ ಮೊಲದ ಮುಖಕ್ಕೆ ಇಳಿದಿತ್ತು. ಅದು ಕಾಣದಿರಲಿ ಎಂದು ಅವರು ಮೇಲೆ ಬಿಳಿ ಕಾಗದ ಅಂಟಿಸಿದ್ದರು, ಅಂಚನ್ನು ನೀಟಾಗಿ ಕತ್ತರಿಸಿ. ಆ ಕಾಗದದ ತುಂಡು ನೋಡಿ ನನ್ನ ಕರುಳು ಚುರುಕ್ ಎಂದಿತು. ಸಮಾಧಾನಕ್ಕೆಂದು ಬಂದ ಪುಸ್ತಕ ಅವರಿಗೆ ಇನ್ನೊಂದು ತಪ್ಪಿನ ಲೆಕ್ಕವಾಗಿತ್ತು.

"ಅಕ್ಕಾ, ನಿಮ್ಮ ಕೈಯಲ್ಲಿ ತಪ್ಪಿಲ್ಲ. ಪುಸ್ತಕ, ಪೆನ್ನು ನಿಮಗೆ ಹೊಂದಿಲ್ಲ" ಎಂದೆ.

ಬಣ್ಣ ತುಂಬಿದರೆ ಮನಸ್ಸು ತಿಳಿಯಾಗುತ್ತದೆ ಅನ್ನೋದು ಸುಮ್ನೆ ಮಾತಲ್ಲ. ಅಮೆರಿಕದ ಕರಿ ಮತ್ತು ಕ್ಯಾಸರ್ ಎಂಬವರು 84 ಕಾಲೇಜು ವಿದ್ಯಾರ್ಥಿಗಳಿಗೆ 20 ನಿಮಿಷ ಬಣ್ಣ ಹಚ್ಚಲು ಕೊಟ್ಟು 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಂಡಲಕ್ಕೆ (ದುಂಡನೆಯ ವಿನ್ಯಾಸ), ಚೌಕಳಿ ವಿನ್ಯಾಸಕ್ಕೆ ಬಣ್ಣ ತುಂಬಿದವರ ಆತಂಕ ಖಾಲಿ ಹಾಳೆ ಸಿಕ್ಕವರಿಗಿಂತ ಜಾಸ್ತಿ ಇಳಿದಿತ್ತು. ಅಂದರೆ ಗೆರೆ ಬೇಕು, ಅದು ಕೈ ಹಿಡಿದು ನಡೆಸುತ್ತದೆ. ಆದರೆ ಕಣ್ಣು ನೋಯಿಸುವ ಗೆರೆ ಯಾರನ್ನೂ ನಡೆಸುವುದಿಲ್ಲ.

ಹಾಗಾಗಿ ಅವರಿಗೆ ಹೇಳಿದ್ದು ಇಷ್ಟು. ದಪ್ಪ ಗೆರೆ, ದೊಡ್ಡ ದೊಡ್ಡ ಜಾಗ ಇರುವ ಪುಸ್ತಕ ಆರಿಸಿ. ಹಾಳೆಯ ಒಂದೇ ಬದಿ ಚಿತ್ರ ಇರಲಿ. ಸ್ಪೈರಲ್ ಬೈಂಡಿಂಗ್ ಆದರೆ ಮೇಜಿನ ಮೇಲೆ ಸಪಾಟಾಗಿ ಕೂರುತ್ತದೆ. ಝೆರಾಕ್ಸ್ ಹಾಳೆ 70-80 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಇರುತ್ತದೆ, ಅದು ಸ್ಕೆಚ್ ಪೆನ್ ತಡೆಯಲ್ಲ. 120ರ ಮೇಲಿನದು ನೋಡಿ. ಸ್ಪಿರಿಟ್ ವಾಸನೆಯ ಮಾರ್ಕರ್ ಅಂತೂ ಬೇಡ, ಅದು ದಪ್ಪ ಹಾಳೆಯಲ್ಲೂ ಇಳಿಯುತ್ತದೆ.

ಅವರಿಗೆ ನಾನು ಸೂಚಿಸಿದ್ದು ಬಣ್ಣದ ಪೆನ್ಸಿಲ್. 24ರ ಡಬ್ಬಿ ಸಾಕು. ಬಣ್ಣ ಜಾಸ್ತಿ ಆದರೆ ಆರಿಸುವುದೇ ಒಂದು ಚಿಂತೆ, ಅಲ್ವಾ? ಸೀಸ ಮೆತ್ತಗಿರಲಿ. ಬೆರಳು ನೋಯುತ್ತದೆ ಎಂದಿದ್ದರು, ಅದಕ್ಕೆ ದಪ್ಪನೆಯ ಮೂರು ಮೂಲೆಯ ಪೆನ್ಸಿಲ್. ಒತ್ತಿ ತಿಕ್ಕಬೇಡಿ. ಹಗುರವಾಗಿ ಒಂದು ಪದರ, ಅದರ ಮೇಲೆ ಇನ್ನೊಂದು. ಹಳದಿಯ ಮೇಲೆ ಕೆಂಪು ಎಳೆದರೆ ಕಿತ್ತಳೆ ತಾನೇ ಬರುತ್ತದೆ. ಬೆಳಗಿನ ಬೆಳಕಲ್ಲಿ, ಕನ್ನಡಕ ಹಾಕಿಕೊಂಡು, 20 ನಿಮಿಷ. ಪುಟ ಮುಗಿಯಲೇಬೇಕು ಅಂತಿಲ್ಲ.

ಎಲ್ಲ ಕೇಳಿಸಿಕೊಂಡು ಸುಮ್ಮನಾದರು. ಆಮೇಲೆ ಮೆಲ್ಲಗೆ, "ನಾ ಬಣ್ಣಾ ಹಿಡ್ಕೊಂಡು ಕುಂತ್ರ ಮಂದಿ ಏನಂದಾರ್ರಿ?" ಎಂದರು.

ನಿಜವಾದ ಗಂಟು ಇಲ್ಲಿತ್ತು. ಬಾಗಲಕೋಟೆಯ ಹೋಳಿ ದಿನಗಟ್ಟಲೆ ನಡೆಯುತ್ತದೆ. ಹಲಗೆ ಸದ್ದು, ಬಂಡಿಗಳಲ್ಲಿ ಬ್ಯಾರಲ್‌ಗಟ್ಟಲೆ ಬಣ್ಣ. ಈ ಸಲ ಅವರು ಕಿಟಕಿ ಹಾಕಿಕೊಂಡು ಒಳಗೇ ಕೂತಿದ್ದರಂತೆ. ನಾನು ವಾದ ಮಾಡಲಿಲ್ಲ. "ಯಜಮಾನರಿಗೆ ಯಾವ ಬಣ್ಣ ಇಷ್ಟ?" ಎಂದು ಕೇಳಿದೆ. ಬಹಳ ಹೊತ್ತು ಅತ್ತರು. ಮದುವೆಯಾದ ಹೊಸತರಲ್ಲಿ ಯಜಮಾನರು ಮುತ್ತಲ ಹೂ ಕಿತ್ತು ತಂದು ಕುದಿಸಿ ಬಣ್ಣ ಮಾಡುತ್ತಿದ್ದರಂತೆ. ವರ್ಷದಲ್ಲಿ ಮೊದಲ ಸಲ ಯಜಮಾನರ ಮಾತನ್ನು ನಗುತ್ತಾ ಆಡಿದ್ದು ಆವತ್ತೇ ಎಂದು ಅವರೇ ಹೇಳಿದರು.

ಟುಲಿಪ್ ಅವರು ಕಂಡಿಲ್ಲ. ಅವರ ವಸಂತ ಎಂದರೆ ಮುತ್ತಲ, ಮಾವಿನ ಹೂ, ಬೇವು. ಪುಸ್ತಕ ಸಿಗುವ ತನಕ ಡ್ರಾಯಿಂಗ್ ಹಾಳೆಯ ಮೇಲೆ ತಾವೇ ಚುಕ್ಕಿ ಇಟ್ಟು ರಂಗೋಲಿ ಎಳೆಯಿರಿ, ಒಂದು ಟೊಂಗೆ ಬರೆಯಿರಿ, ಅದಕ್ಕೇ ಬಣ್ಣ ತುಂಬಿ ಎಂದೆ. ಸೊಸೆಯ ಜೊತೆಗೂ ಫೋನಲ್ಲಿ ಮಾತಾಡಿದೆ, ಅಕ್ಕನ ಎದುರಿಗೇ. ಅವಳಿಗೆ ಬೇಜಾರಾಗದಂತೆ ಹೇಳುವುದೂ ಮುಖ್ಯ ಇತ್ತು.

ಒಂದು ಎಚ್ಚರ. ಬಣ್ಣ ಚಿಕಿತ್ಸೆಯ ಬದಲಿಗಲ್ಲ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ ಕೆಟ್ಟು ಯಾವುದೂ ಬೇಡ ಎನಿಸಿದರೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಈ ಅಕ್ಕನ ಭೇಟಿಗಳೂ ನಡೆದಿವೆ. ಎರಡು ಗಂಟೆಯ ಎಚ್ಚರ ಪೂರ್ತಿ ಹೋಗಿಲ್ಲ. ವಾರದಲ್ಲಿ ಮೂರು ರಾತ್ರಿ ಮತ್ತೆ ನಿದ್ದೆ ಹತ್ತುತ್ತಿದೆ.

ಯುಗಾದಿಗೆ ಮುಂಚೆ ಬಂದಾಗ ಒಂದು ಹಾಳೆ ತಂದಿದ್ದರು. ಬೇವಿನ ಟೊಂಗೆ. ತುದಿಯ ಎಲೆಗಳಿಗೆಲ್ಲ ಕಂದುಗೆಂಪು ಹಚ್ಚಿದ್ದರು.

"ಎಲೆ ಹಸಿರಲ್ವಾ ಅಕ್ಕಾ?"

"ಚಿಗುರು ಕೆಂಪಿರ್ತದ್ರಿ ಮೇಡಂ. ಹೊರಗ ನಿಮ್ಮ ಗಿಡಾ ನೋಡ್ರಿ."

ಇಬ್ಬರೂ ಎದ್ದು ಬಾಗಿಲಿಗೆ ಹೋಗಿ ನೋಡಿದೆವು.