‘ನಮ್ಮನ್ನು ಯಾರೂ ಗುರುತಿಸಲಿಲ್ಲ’ ಎಂಬ ಸಿಟ್ಟು ಮತ್ತು ಪಾಪ್ಯುಲಿಸಂ

‘ನಮ್ಮವರು ಎಲ್ಲರಿಗಿಂತ ಮೇಲು, ಆದರೂ ನಮಗೆ ಬೆಲೆ ಇಲ್ಲ’ ಎನ್ನುವ ಭಾವನೆಗೂ, ಜನರ ಹೆಸರಲ್ಲಿ ಮೇಲಿನವರ ವಿರುದ್ಧ ಸಿಟ್ಟೆಬ್ಬಿಸುವ ರಾಜಕಾರಣವಾದ ಪಾಪ್ಯುಲಿಸಂಗೂ ಏನು ಸಂಬಂಧ, ಇದೆಲ್ಲ ಬಡತನದ ಸಿಟ್ಟು ತಾನೆ ಎಂದು ಕೇಳಿದ್ದೀರಿ. ಬಡತನ ಒಂದರಿಂದಲೇ ಇದು ಬರುವುದಿಲ್ಲ. ನಾನು ಉತ್ತರ ಕನ್ನಡ ಜಿಲ್ಲೆಯ ಕುಮಟಾದವನು. ಇಲ್ಲಿ ಈ ಮಾತನ್ನು ಜೋರಾಗಿ ಆಡುವವರಲ್ಲಿ ತೋಟ, ಅಂಗಡಿ, ಪಿಂಚಣಿ ಎಲ್ಲ ಇರುವವರೂ ಇದ್ದಾರೆ. ‘ಅವರು ಮುಂದೆ ಹೋದರು, ನಾವು ಹಿಂದೆ ಬಿದ್ದೆವು’ ಎಂಬ ಹೋಲಿಕೆಯೇ ಅವರನ್ನು ಸುಡುತ್ತದೆ.

ಮನಶ್ಶಾಸ್ತ್ರದಲ್ಲಿ ಇದಕ್ಕೆ ಕಲೆಕ್ಟಿವ್ ನಾರ್ಸಿಸಿಸಂ, ಅಂದರೆ ಇಡೀ ಗುಂಪಿನ ಆತ್ಮರತಿ ಎನ್ನುತ್ತಾರೆ. ಅಗ್ನಿಯೆಷ್ಕಾ ಗೊಲೆಕ್ ದೆ ಜವಾಲಾ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ನಿಮ್ಮ ಗುಂಪಿಗೆ ವಿಶೇಷ ಮರ್ಯಾದೆ ಸಿಗಬೇಕೇ? ಅದರ ಮಹತ್ವ ಬೇರೆಯವರಿಗೆ ಗೊತ್ತಾಗಿಲ್ಲವೇ? ಯಾರಾದರೂ ಟೀಕಿಸಿದರೆ ಸಿಟ್ಟು ಬರುತ್ತದೆಯೇ? ಇಂಥವು ಅದರಲ್ಲಿವೆ. ಹೌದು ಎನ್ನುವವರಿಗೆ ಸಣ್ಣ ಮಾತೂ ಅವಮಾನವಾಗಿ ಕೇಳುತ್ತದೆ, ಹೊರಗಿನವರ ಮೇಲೆ ಹಗೆ ಜಾಸ್ತಿ. 2016ರಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಬೇಕೆಂದು (ಬ್ರೆಕ್ಸಿಟ್) ಬಿದ್ದ ಮತಕ್ಕೂ ಅಮೆರಿಕದಲ್ಲಿ ಟ್ರಂಪ್‌ಗೆ ಬಿದ್ದ ಮತಕ್ಕೂ ಈ ಭಾವನೆಯ ನಂಟು ಇದ್ದದ್ದು ಅಧ್ಯಯನಗಳಲ್ಲಿ ಕಂಡಿದೆ.

ತನ್ನವರ ಮೇಲಿನ ಪ್ರೀತಿ ಮಾತ್ರ ಬೇರೆಯೇ ವಿಷಯ. ಸಂಶೋಧಕರೂ ಎರಡನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ನನಗೆ ಅಂಕೋಲಾದ ಸುಕ್ರಿ ಬೊಮ್ಮಗೌಡ ನೆನಪಾಗುತ್ತಾರೆ, ನಮ್ಮೆಲ್ಲರ ಸುಕ್ರಜ್ಜಿ. ತಮ್ಮ ಹಾಲಕ್ಕಿ ಸಮುದಾಯದ ಹಾಡುಗಳನ್ನು ಜೀವಮಾನವಿಡೀ ಹಾಡಿದರು, 2017ರಲ್ಲಿ ಪದ್ಮಶ್ರೀ ಬಂತು. ಅದೇ ಅಜ್ಜಿ ತಮ್ಮವರ ಮನೆಗಳನ್ನೇ ಹಾಳು ಮಾಡುತ್ತಿದ್ದ ಸಾರಾಯಿ ವಿರುದ್ಧವೂ ಹೋರಾಡಿದರು. ತನ್ನವರನ್ನು ಪ್ರೀತಿಸುತ್ತಾ ತನ್ನವರ ತಪ್ಪನ್ನೂ ಹೇಳುವ ಈ ಧೈರ್ಯ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಹಾಲಕ್ಕಿ ಒಕ್ಕಲಿಗರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಎಂದು ವರ್ಷಗಳಿಂದ ಕೇಳುತ್ತಿದ್ದಾರಲ್ಲ, ಅದನ್ನೂ ಈ ‘ಮೇಲರಿಮೆ’ಯ ಲೆಕ್ಕಕ್ಕೆ ಸೇರಿಸಬೇಡಿ. ಅದು ಹಕ್ಕಿನ ಬೇಡಿಕೆ.

ಈಗ ಪಾಪ್ಯುಲಿಸಂ. ಸಮಾಜವನ್ನು ಶುದ್ಧ ಜನ ಮತ್ತು ಭ್ರಷ್ಟ ಮೇಲ್ವರ್ಗ ಎಂದು ಎರಡಾಗಿ ಸೀಳುವ ವಿಚಾರ ಅದು ಎನ್ನುತ್ತಾರೆ ಡಚ್ ವಿದ್ವಾಂಸ ಕಾಸ್ ಮುಡ್ಡೆ. ಜರ್ಮನಿಯ ಯಾನ್ ವೆರ್ನರ್ ಮ್ಯುಲ್ಲರ್ ಇನ್ನೊಂದು ಗುರುತು ಕೊಡುತ್ತಾರೆ: ಅಂಥ ನಾಯಕ ‘ನಿಜವಾದ ಜನರ ದನಿ ನಾನೊಬ್ಬನೇ’ ಎನ್ನುತ್ತಾನೆ. ಅವನನ್ನು ಒಪ್ಪದವರು ನಿಜವಾದ ಜನರೇ ಅಲ್ಲ ಎಂದಾಯಿತು. ಮರ್ಯಾದೆಗೆ ಹಸಿದ ಗುಂಪಿಗೆ ಬೇಕಾದದ್ದೂ ಇದೇ. ನೀವು ಶ್ರೇಷ್ಠರು, ನಿಮ್ಮನ್ನು ಬೇಕೆಂದೇ ತುಳಿದರು, ತುಳಿದವರು ಇವರು. ಮೂರೂ ಒಂದೇ ಭಾಷಣದಲ್ಲಿ ಸಿಗುತ್ತದೆ.

ನಮ್ಮ ಜಿಲ್ಲೆಯಲ್ಲಿ ನನಗೆ ನಿಜವಾಗಿ ಭಯ ಇರುವುದು ಇಲ್ಲೇ. ಕಾಳಿ ನದಿಯ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, ಕಾರವಾರದ ನೌಕಾನೆಲೆ, ಎಲ್ಲಕ್ಕೂ ಇಲ್ಲಿನವರು ಮನೆ, ಜಮೀನು ಬಿಟ್ಟುಕೊಟ್ಟರು. ಆದರೂ ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕು. ಸುಸಜ್ಜಿತ ಆಸ್ಪತ್ರೆ ಬೇಕು ಎಂದು 2022ರಲ್ಲಿ ಜನ ಜಾತಿ, ಪಕ್ಷ ನೋಡದೆ ಕೇಳಿದರು. ಈ ಸಿಟ್ಟಿಗೆ ಕಾರಣ ಇದೆ, ಪರಿಹಾರವೂ ಇದೆ. ಆಸ್ಪತ್ರೆ ಕಟ್ಟಿ ವೈದ್ಯರನ್ನು ಕೊಟ್ಟರೆ ಅದು ತಣ್ಣಗಾಗುತ್ತದೆ. ಆದರೆ ಇದೇ ಸಿಟ್ಟನ್ನು ಯಾರೋ ಎತ್ತಿಕೊಂಡು ‘ನಮ್ಮ ಕುಲದ ಹಿರಿಮೆ ಅವರಿಗೆ ಸಹಿಸಲಾಗುತ್ತಿಲ್ಲ’ ಎಂದು ತಿರುಗಿಸಿದರೆ? ಅದು ತಳ ಒಡೆದ ಕೊಡಪಾನ. ಎಷ್ಟು ಹೊಗಳಿಕೆ ಸುರಿದರೂ ತುಂಬುವುದಿಲ್ಲ. ನಾಯಕನಿಗೆ ಅದು ತುಂಬುವುದೂ ಬೇಡ, ಮುಂದಿನ ಚುನಾವಣೆಗೂ ಬೇಕಲ್ಲ.

ನಿಮ್ಮ ಹತ್ತಿರದವರು ಹೀಗೆ ಮಾತಾಡಿದರೆ ದಯವಿಟ್ಟು ಗೇಲಿ ಮಾಡಬೇಡಿ. ಗೇಲಿ ಮಾಡಿದಿರೋ, ‘ನಮ್ಮನ್ನು ಕಡೆಗಣಿಸುತ್ತಾರೆ’ ಎಂಬ ಮಾತಿಗೆ ನೀವೇ ಸಾಕ್ಷಿಯಾಗುತ್ತೀರಿ. ನಾನು ಮಾಡುವುದಿಷ್ಟು: ‘ಸರಿ ಮಾರಾಯ, ಏನು ಸಿಕ್ಕಿದರೆ ಸಾಕು?’ ಎಂದು ಕೇಳುತ್ತೇನೆ. ಆಸ್ಪತ್ರೆ, ರಸ್ತೆ, ಉದ್ಯೋಗ ಎಂದರೆ ಜೊತೆಗೆ ಅರ್ಜಿ ಬರೆಯಲು ಕೂರುತ್ತೇನೆ. ಉತ್ತರವಾಗಿ ಬೇರೊಂದು ಜಾತಿಯ ಹೆಸರೋ ಧರ್ಮದ ಹೆಸರೋ ಬಂದರೆ, ನಮ್ಮೂರಿನ ಆ ಜನರಲ್ಲಿ ಅವನಿಗೆ ಪರಿಚಯ ಇರುವ ಒಬ್ಬರ ಬಗ್ಗೆ ಮಾತು ಶುರು ಮಾಡುತ್ತೇನೆ.